ಟಪಾಲು ಮತ್ತು ಕಚೇರಿಯ ಗಂಟೆ

ಎಲ್ಲಾದರೂ ಗಡಿಯಾರ ಗಂಟೆ ಹೊಡೆದರೆ ನಾನು ಎರಡೂ ಕಾಲನ್ನು ನೆಲದಿಂದ ಮೇಲೆತ್ತಿಕೊಂಡು ಕೂರುತ್ತೇನೆ. ಇದು ಯೋಗವಲ್ಲ, ವಾಯುವಿನ ತೊಂದರೆಯೂ ಅಲ್ಲ. ಮೊನ್ನೆ ಮಗಳ ಮನೆಯಲ್ಲಿ ಹೊಸದಾಗಿ ತಂದು ತೂಗುಹಾಕಿದ್ದ ಗಡಿಯಾರ ಒಮ್ಮೆಲೇ ಢಣ್ ಎಂದಿತು. ಬೀಗರು ಎದುರಿಗೇ ಕೂತು ತಮ್ಮ ಮಂಡಿನೋವಿನ ಕತೆ ಹೇಳುತ್ತಿದ್ದರು. ನಾನು ಪಂಚೆಯನ್ನು ಮೊಣಕಾಲಿಗೆ ಎಳೆದುಕೊಂಡು, ಎರಡೂ ಪಾದ ಕುರ್ಚಿಯ ಮೇಲಿಟ್ಟು, ಹನ್ನೊಂದು ಪೆಟ್ಟು ಮುಗಿಯುವ ತನಕ ಹಾಗೆಯೇ ಇದ್ದೆ. ಆಮೇಲೆ ಒಮ್ಮೆ ಬಗ್ಗಿ ಕುರ್ಚಿಯ ಕೆಳಗೆ ನೋಡಿ, ಕಾಲಿಳಿಸಿ, “ಹಾಂ, ಮಂಡಿ ಅಂದಿರಿ, ಮುಂದೆ?” ಎಂದೆ. ಬೀಗರು ಎದ್ದರು. ಒಳಗೆ ಹೋಗಿ ಮಗಳ ಹತ್ತಿರ ಏನೋ ಪಿಸುಗುಟ್ಟಿದರು. ಅವಳು ಬಂದು ನನ್ನ ಹಣೆ ಮುಟ್ಟಿ ನೋಡಿ, ಜ್ವರವಿಲ್ಲವೆಂದು ಬೇಸರಪಟ್ಟುಕೊಂಡು ಹೋದಳು.

ಅವಳಿಗೆ ಹೇಳಿದರೆ ನಂಬುವುದಿಲ್ಲ. ನೀವಾದರೂ ಕೇಳಿ.

ಅರವತ್ತರ ದಶಕದ ಮೊದಮೊದಲಿನ ಮಾತು. ನಾನು ಸಿದ್ದಾಪುರದ ಕಚೇರಿಯಲ್ಲಿ ಹೊಸ ಕಾರಕೂನ. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದು ನಾಲ್ಕೈದು ವರ್ಷವಾಗಿದ್ದರೂ ಕಚೇರಿಯ ಅರ್ಧ ಜನ ಇನ್ನೂ ಮಾಮಲೇದಾರರು ಎನ್ನುತ್ತಿದ್ದರು, ಅರ್ಧ ಜನ ತಹಶೀಲ್ದಾರರು ಎನ್ನುತ್ತಿದ್ದರು, ಆ ಒಬ್ಬ ಮನುಷ್ಯ ಎರಡಕ್ಕೂ ತಿರುಗಿ ನೋಡುತ್ತಿದ್ದರು. ನಮ್ಮೂರು ವಜ್ರಳ್ಳಿ. ಒಂದು ಸಲ ಊರಿಗೆ ಹೋಗಿ ಯಲ್ಲಾಪುರ, ಶಿರಸಿಯ ಮೇಲೆ ಮರಳಿ ಸಿದ್ದಾಪುರಕ್ಕೆ ಹೊರಟಾಗ ಹತ್ತಿದ್ದು ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಬಂದ ಬಸ್ಸು. ಘಟ್ಟದಲ್ಲಿ ಬಸ್ಸಿಗೆ ನೀರು ಕುಡಿಸಲು ನಿಲ್ಲಿಸಿದಾಗ ಒಂದು ನಾಯಿಮರಿ ತಾನಾಗಿಯೇ ಹತ್ತಿಕೊಂಡಿತ್ತಂತೆ. ಕಂಡಕ್ಟರು ಅದನ್ನು ಟಪಾಲಿನ ಚೀಲಗಳ ಮೇಲೆ ಕೂರಿಸಿದ್ದ. ಯಲ್ಲಾಪುರದಲ್ಲಿ ಬಸ್ಸು ನಿಂತಾಗ ಆತ ಅದನ್ನೆತ್ತಿ ನನ್ನ ಕೈಗೆ ಕೊಟ್ಟು, “ಒಂಚೂರು ಹಿಡ್ಕಳಿ ಮಾರಾಯ್ರೆ, ಟಪಾಲಿನ ಚೀಲ ಇಳಿಸಿ ಬತ್ತೆ” ಎಂದ.

ನಾನು ಹಿಡಿದುಕೊಂಡೆ. ಯಾರಾದರೂ ಏನಾದರೂ ಕೈಗೆ ಕೊಟ್ಟರೆ ಹಿಡಿದುಕೊಳ್ಳುವುದು ನನ್ನ ಹುಟ್ಟುಗುಣ. ಮದುವೆಮನೆಗಳಲ್ಲಿ ಪರರ ಕೂಸು, ಕೊಡೆ, ಕಡೆಗೆ ಒಮ್ಮೆ ಮದುಮಗನ ಬಾಸಿಂಗವನ್ನೂ ಹಿಡಿದು ನಿಂತವನು ನಾನು. ಕಂಡಕ್ಟರು ಬರಲಿಲ್ಲ. ಶಿರಸಿಯ ಬಸ್ಸು ಹೊರಡುತ್ತಿತ್ತು. ಹತ್ತಿದೆ. ಶಿರಸಿಯಲ್ಲಿ ಇಳಿದು ಸಿದ್ದಾಪುರದ ಬಸ್ಸು ಹತ್ತುವಾಗಲೂ ಆತ ಹಿಂದಿನಿಂದ ಓಡಿ ಬಂದಾನೇನೋ ಎಂದು ಕತ್ತು ತಿರುಗಿಸಿ ನೋಡುತ್ತಲೇ ಇದ್ದೆ. ಟಪಾಲಿನ ಜೊತೆ ಬಂದದ್ದಕ್ಕೆ ಮರಿಯ ಹೆಸರು ಟಪಾಲು ಎಂದಾಯಿತು.

ಈಗ ನನ್ನ ಬಿಡಾರದ ಮಾತು. ಕಚೇರಿಯ ಹಿಂದಿನ ಕೇರಿಯಲ್ಲಿ ಗಂಗವ್ವನವರ ಮನೆಯ ಮುಂದಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಗಂಗವ್ವ ಬನವಾಸಿ ಕಡೆಯವರು. ಯಜಮಾನರು ಪೇಟೆಯಲ್ಲಿ ಬೆಲ್ಲ, ಹಗ್ಗ, ಕೊಬ್ಬರಿ ಮಾರುತ್ತಿದ್ದರು. ಮಕ್ಕಳಿರಲಿಲ್ಲ. ಅದರ ಬದಲು ಎಂಬಂತೆ ಅವರಿಗೊಂದು ನೆಲವಿತ್ತು. ಶಿರಸಿಯಿಂದ ಗೌಂಡಿಯನ್ನು ಕರೆಸಿ ಮಾಡಿಸಿದ ಕೆಂಪು ಸಿಮೆಂಟಿನ ನೆಲ. ಆ ಕೇರಿಗೆ ಅದೇ ಮೊದಲನೆಯದು. ಗಂಗವ್ವ ಬಟ್ಟೆಯಲ್ಲಿ ಕೊಬ್ಬರಿ ಚೂರು ಕಟ್ಟಿ ದಿನಾ ಅದನ್ನು ತಿಕ್ಕುತ್ತಿದ್ದರು. ಬಗ್ಗಿ ನೋಡಿದರೆ ನಮ್ಮ ಮೂಗಿನ ಕೂದಲು ನಮಗೇ ಕಾಣುತ್ತಿತ್ತು. ಟಪಾಲು ಬಂದ ದಿನವೇ ಆ ನೆಲದ ನಟ್ಟನಡುವೆ ಒಂದು ಕೆರೆ ಮಾಡಿತು. ಒರೆಸಿದ ಮೇಲೂ ಅಲ್ಲಿ ಬೆಳ್ಳಗೆ ಕಲೆ ಉಳಿಯಿತು.

“ನೋಡ್ರಿ ಕಾರಕೂನ್ರ” ಎಂದರು ಗಂಗವ್ವ. ಸಿಟ್ಟಿಗೆದ್ದರೆ ಅವರ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. “ಹದಿನೈದು ದಿವಸ ಕೊಡ್ತೀನಿ. ಅಷ್ಟರಾಗ ಅದಕ್ಕ ಬುದ್ಧಿ ಕಲಸ್ರಿ. ಇಲ್ಲಂದ್ರ ಇಲ್ಲಿ ನಾಯಿ ಇರಂಗಿಲ್ಲ. ನಾಯಿ ಇರಬೇಕಂದ್ರ ನೀವೂ ಇರಂಗಿಲ್ಲ.”

ಬಿಡಾರ ಹೋದರೆ ಇನ್ನೊಂದು ಸಿಗುತ್ತದೆ ಎಂದು ನೀವು ಹೇಳಬಹುದು. ಆದರೆ ಅಷ್ಟು ಹೊತ್ತಿಗೆ ಆ ಮರಿ ನನ್ನ ಚಪ್ಪಲಿಯೊಳಗೆ ಮೂತಿ ಇಟ್ಟು ಮಲಗಲು ಕಲಿತಿತ್ತು. ಅದನ್ನು ಬೀದಿಗೆ ಬಿಡುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ.

ಕಲಿಸುವುದಾದರೂ ಹೇಗೆ? ನಮ್ಮ ಮನೆಯಲ್ಲಿ ನಾಯಿಗೆ ಇಂಥದ್ದನ್ನು ಯಾರೂ ಕಲಿಸಿದವರಲ್ಲ. ಅದು ಅಂಗಳದಲ್ಲಿ ಹುಟ್ಟಿ, ಅಂಗಳದಲ್ಲಿ ಬೊಗಳಿ, ಅಂಗಳದಲ್ಲೇ ಮುದಿಯಾಗುತ್ತಿತ್ತು, ಹೊಸ್ತಿಲು ಅದಕ್ಕೆ ಪರದೇಶ. ಕಲಿಸಿದ್ದೆಂದರೆ ಮನುಷ್ಯರ ಕೂಸುಗಳಿಗೆ. ಅಮ್ಮಮ್ಮ ಬಚ್ಚಲ ಕಲ್ಲಿನ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಎರಡು ಪಾದಗಳ ನಡುವೆ ಕೂರಿಸಿಕೊಂಡು, “ಸ್ಸ್ಸ್ಸ್” ಎನ್ನುವಳು. ಕೂಸು ಒಪ್ಪಿಕೊಳ್ಳುತ್ತಿತ್ತು. ನಾನೂ ಒಪ್ಪಿಕೊಂಡವನೇ ಇರಬೇಕು. ಬೇರೆ ವಿದ್ಯೆ ಗೊತ್ತಿಲ್ಲದ್ದರಿಂದ ಮರುದಿನ ಬೆಳಿಗ್ಗೆ ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಟಪಾಲನ್ನು ಪಾದಗಳ ನಡುವೆ ನಿಲ್ಲಿಸಿ, “ಸ್ಸ್ಸ್ಸ್” ಎಂದೆ. ಅದು ಕಿವಿ ಓರೆ ಮಾಡಿ ಹಾವು ಎಲ್ಲಿದೆಯೆಂದು ಹುಡುಕಿತು. ಅರ್ಧ ತಾಸು ಆ ಸದ್ದು ಮಾಡಿದ್ದರಿಂದ ಆದದ್ದಿಷ್ಟೇ, ನಾನೇ ಎದ್ದು ಹೋಗಬೇಕಾಯಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಗಂಗವ್ವ ನಿಂತಿದ್ದರು.

ಕಚೇರಿಯಲ್ಲಿ ನನ್ನ ಪಕ್ಕದ ಮೇಜು ಗಣಪಣ್ಣನದು. ಇಪ್ಪತ್ತು ವರ್ಷದ ಹಳೆಯ ಕಾರಕೂನ. ಜಗತ್ತಿನ ಸಮಸ್ತ ವಿಷಯದಲ್ಲೂ ಅವನಿಗೊಂದು ಅಭಿಪ್ರಾಯವಿತ್ತು, ತನ್ನ ಮೇಜಿನ ಮೇಲಿನ ಕಾಗದಗಳ ವಿಷಯ ಬಿಟ್ಟು. ನನ್ನ ಗೋಳು ಕೇಳಿ ಎಲೆಯಡಿಕೆಯ ಕವಳವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ.

“ತಮಾ, ನಾಯಿಗೆ ಜಾಗ ಕಲ್ಸಲೆ ಹೋಗಡ. ಹೊತ್ತು ಕಲ್ಸು. ನಮ್ಮನೆ ಎತ್ತಿಗೆ ನೀರು ಕುಡಿಯ ಹೊತ್ತು ಗೊತ್ತಿಲ್ಯ?”

“ಎತ್ತಿಗೆ ಗಡಿಯಾರ ನೋಡಲೆ ಬತ್ತಾ?”

“ನೋಡದು ಎಂತಕ್ಕೆ? ಕೇಳಿದ್ರೆ ಸಾಕು. ಆನು ಹೇಳ್ತೆ, ಗಂಟೆ ಹೊಡಿವಾಗ ಅದು ಗಿಡದ ಬುಡದಲ್ಲಿ ಇರವು. ಆದ ಕೂಡ್ಲೆ ಒಂದು ಚೂರು ಬೆಲ್ಲ ಕೊಡು. ವಾರದಲ್ಲಿ ಕಲೀತು.”

ಗಂಟೆಯೆಂದರೆ ನಮ್ಮ ಕಚೇರಿಯ ಗಂಟೆ. ಜಗುಲಿಯಲ್ಲಿ ಕಂಚಿನ ದಪ್ಪ ತಟ್ಟೆಯೊಂದು ಹಗ್ಗದಲ್ಲಿ ತೂಗುತ್ತಿತ್ತು. ಖಜಾನೆಯ ಪಹರೆಯ ಪೊಲೀಸ ತಾಸಿಗೊಮ್ಮೆ ಕೊಡತಿ ಎತ್ತಿ, ಗಂಟೆ ಎಷ್ಟೋ ಅಷ್ಟು ಪೆಟ್ಟು ಹಾಕುತ್ತಿದ್ದ. ಪೇಟೆಯೆಲ್ಲ ನಡೆಯುತ್ತಿದ್ದುದು ಅದರ ಮೇಲೆ. ನಮ್ಮ ಹಿತ್ತಿಲಿಗಂತೂ ಅದು ಕಿವಿಯಲ್ಲೇ ಹೊಡೆದಂತೆ ಕೇಳುತ್ತಿತ್ತು.

“ತಾಸಿಗೊಂದು ಸಲ ಕಚೇರಿ ಬಿಟ್ಟು ಮನೆಗೆ ಹೋಪದು ಹ್ಯಾಂಗೆ?” ಎಂದೆ.

ಗಣಪಣ್ಣ ಹಳೆಯ ಬೀರು ತೆಗೆದು ಧೂಳು ಹಿಡಿದ ಕಡತವೊಂದನ್ನು ನನ್ನ ಕಂಕುಳಿಗೆ ತುರುಕಿದ. “ಕೈಯಲ್ಲಿ ಕಡತ ಇದ್ರೆ ಯಾರೂ ಕೇಳ್ತ್ವಿಲ್ಲೆ.”

ಅವನ ಇಪ್ಪತ್ತು ವರ್ಷದ ನೌಕರಿಯ ಸಾರವೆಲ್ಲ ಆ ಮಾತಿನಲ್ಲಿತ್ತು. ನಾನು ಪ್ರತಿ ತಾಸಿಗೆ ಐದು ನಿಮಿಷ ಇರುವಾಗ ಕಡತ ಕಂಕುಳಲ್ಲಿಟ್ಟು, ಹುಬ್ಬು ಗಂಟಿಕ್ಕಿ, ಸರಸರನೆ ಹೊರಟುಬಿಡುತ್ತಿದ್ದೆ. ಎದುರು ಬಂದ ಜವಾನರು ದಾರಿ ಬಿಡುತ್ತಿದ್ದರು. ಕಡತದಲ್ಲಿದ್ದದ್ದು ರಸ್ತೆ ಬದಿಯ ಒಂದು ಹಲಸಿನ ಮರದ ಹಣ್ಣು ಯಾರಿಗೆ ಸೇರಬೇಕೆಂಬ ತಕರಾರು. ಅರ್ಜಿ ಮುಂಬೈ ಕಾಲದ್ದು. ದಿನಕ್ಕೆ ಐದಾರು ಸಲ ಅದು ಕಚೇರಿಯಿಂದ ಹೊರಬಿದ್ದು ಮರಳಿ ಬರುವುದನ್ನು ನೋಡಿ ಒಂದು ವಾರದಲ್ಲಿ ಇಡೀ ಕಚೇರಿ ಅದನ್ನು ಭಾರೀ ಜರೂರಿನದೆಂದು ನಂಬಿತು. ತಹಶೀಲ್ದಾರರು ಕೂಡ ಒಮ್ಮೆ ಮೆಟ್ಟಿಲಲ್ಲಿ ಸಿಕ್ಕಿ, “ನಡೀಲಿ, ನಡೀಲಿ, ನಿಲ್ಲಬೇಡಿ” ಎಂದರು.

ಇತ್ತ ಹಿತ್ತಿಲ ಎಕ್ಕದ ಗಿಡದ ಬುಡದಲ್ಲಿ ಟಪಾಲನ್ನು ನಿಲ್ಲಿಸಿ ಕಾಯುತ್ತಿದ್ದೆ. ಗಂಟೆ ಹೊಡೆಯುತ್ತಿತ್ತು. ಮೊದಲೆರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ನಾಲ್ಕು ಗಂಟೆಗೆ ಆಯಿತು. ನಾನು ಬೆಲ್ಲ ಕೊಟ್ಟು, ಕುಣಿದು, ಕಡತವನ್ನು ಎರಡು ಸಲ ಗಾಳಿಗೆಸೆದು ಹಿಡಿದೆ. ಎಂಟನೆಯ ದಿನ ಟಪಾಲು ಗಂಟೆಯ ಮೊದಲ ಪೆಟ್ಟಿಗೇ ಒಪ್ಪಿಸತೊಡಗಿತು. ಅಷ್ಟೇ ಅಲ್ಲ, ಎಷ್ಟು ಪೆಟ್ಟೋ ಅಷ್ಟು ಹೊತ್ತು. ಒಂದು ಗಂಟೆಗೆ ಒಂದು ಚುಟುಕು. ಎರಡಕ್ಕೆ ಸ್ವಲ್ಪ ಜಾಸ್ತಿ. ಹನ್ನೆರಡಕ್ಕೆ ಪಾಪ ಅದರ ಸರಕು ಏಳೆಂಟು ಪೆಟ್ಟಿಗೇ ಮುಗಿದು, ಉಳಿದ ಪೆಟ್ಟುಗಳಿಗೆ ಸುಮ್ಮನೆ ಮರ್ಯಾದೆಗೆ ಕೂತಿರುತ್ತಿತ್ತು. ರಾತ್ರಿ ಅದು ಹಿತ್ತಿಲ ಕಟ್ಟಿಗೆ ಮನೆಯಲ್ಲಿ ಮಲಗುತ್ತಿತ್ತು. ಅಲ್ಲಿ ಯಾವ ಗಂಟೆಗೆ ಏನು ಮಾಡಿತೋ ಕಟ್ಟಿಗೆಗೆ ಗೊತ್ತು.

ಗಂಗವ್ವ ಬೆರಗಾಗಿ ನೆರೆಮನೆಯವರನ್ನು ಕರೆದು ತೋರಿಸಿದರು. “ಗಂಟಿ ಕೇಳಿ ಮಾಡ್ತೈತ್ರಿ! ನಮ್ಮ ಮನಿಯವರಿಗೂ ಇಷ್ಟು ಹೊತ್ತು ಗೊತ್ತಾಗಂಗಿಲ್ಲ.”

ನಾವು ಎಂಥ ತಪ್ಪು ಮಾಡಿದ್ದೆವೆಂದು ಗೊತ್ತಾದದ್ದು ಹದಿಮೂರನೆಯ ದಿನ. ಮಳೆ ಬಂತೆಂದು ಗಂಗವ್ವ ಹಿತ್ತಿಲ ಬಾಗಿಲು ಹಾಕಿದ್ದರು. ನಾನು ಊಟಕ್ಕೆ ಬಂದು ಕೈ ತೊಳೆಯುತ್ತಿದ್ದೆ. ಕಚೇರಿಯ ಗಂಟೆ ಢಣ್ ಎಂದಿತು. ಟಪಾಲು ಕೆಂಪು ನೆಲದ ನಡುವೆ ಇದ್ದಲ್ಲೇ ಕೂತು, ಕೆಲಸ ಮುಗಿಸಿ, ಬೆಲ್ಲಕ್ಕಾಗಿ ನನ್ನ ಮುಖ ನೋಡಿತು. ಗಣಪಣ್ಣ ಹೇಳಿದಂತೆಯೇ ನಾನು ಅದಕ್ಕೆ ಹೊತ್ತು ಕಲಿಸಿದ್ದೆ, ಜಾಗ ಕಲಿಸಿರಲಿಲ್ಲ. ಎಕ್ಕದ ಗಿಡವನ್ನು ಅದು ನನ್ನ ಏನೋ ಒಂದು ಹವ್ಯಾಸವೆಂದು ತಿಳಿದಿರಬೇಕು.

ಗಂಗವ್ವ ಆ ಹೊಸ ಕಲೆಯನ್ನು ನೋಡಿದರು. ದನಿ ತೀರ ಕೆಳಗಿಳಿಯಿತು. “ಇನ್ನೊಂದು ಹನಿ. ಇನ್ನೊಂದ ಒಂದು ಹನಿ ಈ ಮನ್ಯಾಗ ಬಿದ್ರ, ಅದನ್ನ ಬಂದ ಬಸ್ಸಿಗೇ ಹತ್ತಸ್ರಿ.”

ಅಂದಿನಿಂದ ನನ್ನ ಎದೆ ತಾಸಿಗೊಮ್ಮೆ ಧಸಕ್ಕೆನ್ನತೊಡಗಿತು. ಕಚೇರಿಯಲ್ಲಿ ಸಾಹೇಬರು ತಡೆದು ನಿಲ್ಲಿಸಿದರೆ, ಮನೆಯಲ್ಲಿ ಬಾಗಿಲು ಹಾಕಿದ್ದರೆ, ಮುಗಿಯಿತು. ಆದರೆ ದಿನಗಳು ಹೋದರೂ ಹನಿ ಬೀಳಲಿಲ್ಲ. ನನ್ನ ಶಿಸ್ತೆಂದೇ ಹೆಮ್ಮೆಪಟ್ಟಿದ್ದೆ. ನಿಜ ಗೊತ್ತಾದದ್ದು ಒಂದು ಮಧ್ಯಾಹ್ನ, ಪತ್ರ ಬರೆಯುವುದರಲ್ಲಿ ಸಿಕ್ಕಿ ತಡವಾಗಿ ಓಡಿ ಬಂದಾಗ. ಮೂರಕ್ಕೆ ಐದು ನಿಮಿಷವಿರುವಾಗಲೇ ಗಂಗವ್ವ ಒಲೆಯ ಮೇಲಿನದನ್ನು ಕೆಳಗಿಟ್ಟು, ನಾಯಿಯನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿ, ಎಕ್ಕದ ಬುಡದಲ್ಲಿ ನಿಲ್ಲಿಸಿ ಕಾಯುತ್ತಿದ್ದರು. ನನ್ನನ್ನು ಕಂಡು, “ನೆಲಕ್ಕಾಗಿ ಮಾಡಾಕತ್ತೇನಿ ಮತ್ತ, ನಾಯಿಗಲ್ಲ” ಎಂದರು.

ಅಂದು ಮೂರು ಹೊಡೆಯಲೇ ಇಲ್ಲ. ತಟ್ಟೆಯ ಹಗ್ಗ ಹರಿದಿತ್ತಂತೆ. ಟಪಾಲು ಕಿವಿ ನಿಮಿರಿಸಿ, ಹಿಂಗಾಲು ಒತ್ತಿ ಹಿಡಿದು, ಕುಂಯ್‌ಗುಡುತ್ತ ಕಾದಿತು. ಗಂಟೆಯಿಲ್ಲದೆ ಅದಕ್ಕೆ ಬಾರದು. ಐದು ನಿಮಿಷವಾಯಿತು, ಹತ್ತಾಯಿತು. ಅದರ ಕಣ್ಣಲ್ಲಿ ನೀರು ಬಂತು. ಗಂಗವ್ವನವರಿಗೆ ನೋಡಲಾಗಲಿಲ್ಲ. ಒಳಗೆ ಓಡಿ ಹಿತ್ತಾಳೆಯ ತಾಟು, ಸೌಟು ತಂದು, ಹಿತ್ತಿಲಲ್ಲಿ ನಿಂತು ಢಣ್, ಢಣ್, ಢಣ್ ಎಂದು ಮೂರು ಹೊಡೆದರು. ಟಪಾಲಿನ ಕಷ್ಟ ಪರಿಹಾರವಾಯಿತು. ಅಷ್ಟರಲ್ಲಿ ಪಹರೆಯವನು ಹಗ್ಗ ಕಟ್ಟಿ ತನ್ನ ಮೂರನ್ನು ಹೊಡೆದ. ಹೀಗೆ ನಮ್ಮ ಕೇರಿಯಲ್ಲಿ ಅಂದು ಮೂರು ಗಂಟೆ ಎರಡು ಸಲವಾಯಿತು. ಶಿರಸಿಯ ಬಸ್ಸಿಗೆ ಹೊರಟಿದ್ದ ಎದುರುಮನೆಯವರೊಬ್ಬರು ಎರಡನೆಯ ಮೂರನ್ನು ಕೇಳಿ ಇನ್ನೂ ಹೊತ್ತಿದೆಯೆಂದು ಮರಳಿ ಮಲಗಿ ಬಸ್ಸು ತಪ್ಪಿಸಿಕೊಂಡು, ಸಂಜೆಯವರೆಗೂ ಸರಕಾರವನ್ನು ಬೈದರು. ಟಪಾಲು ಎರಡನೆಯ ಮೂರಕ್ಕೂ ಕೂತಿತೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ತಹಶೀಲ್ದಾರರಿಗೂ ಮೇಲಿನ ಪ್ರಾಂತ ಸಾಹೇಬರು ತಪಾಸಣೆಗೆ ಬಂದ ದಿನ. ಮೈಸೂರು ಕಡೆಯ ದೊಡ್ಡ ಅಧಿಕಾರಿ, ಬಿಳಿ ಪ್ಯಾಂಟು, ಕನ್ನಡಿಯಂಥ ಬೂಟು. ಕಚೇರಿಯೆಲ್ಲ ಉಸಿರು ಬಿಗಿಹಿಡಿದಿತ್ತು. ನಾನು ಹನ್ನೊಂದರ ಗಂಟೆಗೆ ಹೇಗೋ ನುಸುಳಿ ಹೋಗಿ ಬಂದೆ. ಬರುವ ಗಡಿಬಿಡಿಯಲ್ಲಿ ಕಡತವನ್ನು ಒಗೆಯುವ ಕಲ್ಲಿನ ಮೇಲೆ ಮರೆತೆ. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಸಾಹೇಬರು ಹಳೆಯ ಬಾಕಿ ಪ್ರಕರಣಗಳ ಮಾತೆತ್ತಿದರು. ತಹಶೀಲ್ದಾರರು ಉಬ್ಬಿ, “ನಮ್ಮ ಈ ಕಾರಕೂನರು ಒಂದೇ ಪ್ರಕರಣಕ್ಕೆ ದಿನಕ್ಕೆ ಐದಾರು ಸಲ ಓಡಾಡ್ತಾರೆ, ಸರ್” ಎಂದು ನನ್ನನ್ನು ಮುಂದೆ ತಳ್ಳಿದರು.

“ಹೌದೇನ್ರೀ? ಎಲ್ಲಿ, ಆ ಫೈಲು ತನ್ನಿ ನೋಡೋಣ.”

ನಾನು ಬೀರು ತೆಗೆದೆ, ಮುಚ್ಚಿದೆ, ಮತ್ತೆ ತೆಗೆದೆ. ಗಣಪಣ್ಣ ಕಿಟಕಿಯ ಹೊರಗೆ ನೋಡುತ್ತ ಕವಳ ಅಗಿಯುವುದನ್ನೇ ನಿಲ್ಲಿಸಿಬಿಟ್ಟ. ಸರಕಾರಿ ಕಡತ ಕಳೆದವನ ನೌಕರಿ ಏನಾಗುತ್ತದೆಂದು ನನಗೆ ಗೊತ್ತಿತ್ತು.

ಆಗ ಬಾಗಿಲಲ್ಲಿ ಗಂಗವ್ವ ಕಾಣಿಸಿಕೊಂಡರು. ಯಾರದೋ ತೊಟ್ಟಿಲ ಕಾರ್ಯಕ್ಕೆ ಹೊರಟವರು, ಹೊಸ ಇಳಕಲ್ ಸೀರೆ ಉಟ್ಟಿದ್ದರು. ಒಂದು ಕೈಯಲ್ಲಿ ಕಡತ, ಇನ್ನೊಂದರಲ್ಲಿ ಟಪಾಲು. ಕಡತ ಕಂಡ ಕೂಡಲೇ ನನ್ನ ನೌಕರಿ ನೆನೆದು ಕಚೇರಿಗೆ ಬಂದಿದ್ದರು. ಹನ್ನೆರಡು ಹೊಡೆಯುವ ಹೊತ್ತಾಯಿತೆಂದು ನಾಯಿಯನ್ನೂ ಮನೆಯಲ್ಲಿ ಬಿಟ್ಟು ಬರಲಾರದೆ ಎತ್ತಿಕೊಂಡೇ ಬಂದಿದ್ದರು. “ತಗೋರಿ, ಮರತ ಬಂದಿದ್ರಿ” ಎಂದು ಕಡತ ಚಾಚಿದರು. ನನ್ನನ್ನು ಕಂಡ ಸಂತೋಷಕ್ಕೆ ಟಪಾಲು ಅವರ ಕೈಯಿಂದ ಹಾರಿ, ಮೇಜಿನ ಕೆಳಗೆ ನುಗ್ಗಿ, ಸಾಹೇಬರ ಎರಡು ಬೂಟುಗಳ ನಡುವೆ ಹೋಗಿ ನಿಂತಿತು.

ಕಿಟಕಿಯಲ್ಲಿ ಪಹರೆಯವನು ಕೊಡತಿ ಎತ್ತುವುದು ಕಂಡಿತು.

“ಸರ್, ಕಾಲು! ಕಾಲು ಮೇಲೆ!” ಎಂದೆ ನಾನು. ಪ್ರಾಂತ ಸಾಹೇಬರಿಗೆ ಹಾಗೆ ಅಪ್ಪಣೆ ಮಾಡಿದ ಕಾರಕೂನ ಹಿಂದೆ ಇರಲಿಲ್ಲ, ಮುಂದೆಯೂ ಬರಲಿಕ್ಕಿಲ್ಲ. ಅವರು ಗಾಬರಿಯಿಂದ ಎರಡೂ ಕಾಲು ಎತ್ತಿದರು. ತಹಶೀಲ್ದಾರರೂ ಎತ್ತಿದರು. ದೊಡ್ಡವರು ಎತ್ತಿದ್ದು ನೋಡಿ ಕಚೇರಿಯಲ್ಲಿ ಕೂತಿದ್ದ ಅಷ್ಟೂ ಜನ ಎತ್ತಿದರು. ಗಂಗವ್ವ ಮೇಜಿನ ಕೆಳಗೆ ಕೈ ಹಾಕಿ ನಾಯಿಯನ್ನು ಬಾಚಿ ಎದೆಗೊತ್ತಿಕೊಂಡು ನೆಟ್ಟಗೆ ನಿಂತರು. ಮೊದಲ ಪೆಟ್ಟು ಬಿತ್ತು.

ಹನ್ನೆರಡು ಪೆಟ್ಟು ಎಷ್ಟು ಉದ್ದವೆಂದು ನೀವು ಎಂದಾದರೂ ಯೋಚಿಸಿದ್ದೀರಾ? ಗಂಗವ್ವ ಕದಲಲಿಲ್ಲ. ಐದನೆಯ ಪೆಟ್ಟಿಗೆ ಇಳಕಲ್ ಸೀರೆಯ ಅಂಚು ಬಣ್ಣ ತಿರುಗಿತು. ಏಳನೆಯದಕ್ಕೆ ಸೆರಗಿನ ತುದಿಯಿಂದ ಒಂದು ಹನಿ ಬಿತ್ತು.

“ಯಾರದಮ್ಮಾ ಈ ನಾಯಿ?” ಎಂದರು ಸಾಹೇಬರು, ಕಾಲು ಇನ್ನೂ ಮೇಲೆಯೇ ಇತ್ತು.

ನಾನು ಬಾಯಿ ತೆರೆದೆ. ಗಂಗವ್ವ ನನ್ನ ಕಡೆ ನೋಡಲೂ ಇಲ್ಲ. “ನಂದ್ರಿ ಸಾಹೇಬ್ರ” ಎಂದರು. ಹನ್ನೆರಡು ಮುಗಿದ ಮೇಲೆ, “ಬರ್ತೀನ್ರಿ” ಎಂದು ಕೈ ಮುಗಿಯಲಾಗದೆ ತಲೆ ಬಾಗಿಸಿ, ರಾಣಿಯ ಹಾಗೆ ನಡೆದು ಹೋದರು. ನನಗೆ ಅಲ್ಲೇ ಅಳು ಬಂತು. ಸಾಹೇಬರು ಅದನ್ನು ಕರ್ತವ್ಯನಿಷ್ಠೆಯೆಂದು ತಿಳಿದರು.

ಅವರು ಕಡತ ಬಿಚ್ಚಿ ಓದಿದರು. ಅರ್ಜಿದಾರರು ಎಲ್ಲಿ? ತೀರಿಕೊಂಡರು. ಎದುರು ಪಕ್ಷದವರು? ಅವರೂ. ಮರ? ಬಿದ್ದು ಬಹಳ ಕಾಲವಾಯಿತು. “ಇಷ್ಟಾದರೂ ದಿನಕ್ಕೆ ಐದಾರು ಸಲ ಓಡಾಡಿದಿರಾ?” ಎಂದು ಕನ್ನಡಕ ತೆಗೆದು ನನ್ನನ್ನು ಬಹಳ ಹೊತ್ತು ನೋಡಿದರು. ನಾಲ್ಕು ವಾರದಲ್ಲಿ ಆದೇಶ ಬಂತು. ಶಿರಸಿಯ ಹಳೆಯ ಬಾಕಿ ಪ್ರಕರಣಗಳನ್ನು ಮುಗಿಸಲು ಇಂಥ ಚಟುವಟಿಕೆಯ ಮನುಷ್ಯನೇ ಬೇಕೆಂದು ನನ್ನನ್ನು ಅಲ್ಲಿಗೆ ವರ್ಗ ಮಾಡಿದ್ದರು.

ಗಂಗವ್ವನವರಿಗೆ ಹೇಳಿದೆ. ಅವರು ನೆಲ ತಿಕ್ಕುತ್ತಿದ್ದರು, ತಲೆ ಎತ್ತಲಿಲ್ಲ.

“ಹೋಗ್ರಿ, ಚಲೋ ಆತು. ನಾಯಿ ಬಿಟ್ಟು ಹೋಗ್ರಿ.”

“ಅಲ್ಲ ಗಂಗವ್ವ, ಅದು ನನ್ನ...”

“ಶಿರಸ್ಯಾಗ ಎಷ್ಟು ಗಂಟಿ ಹೊಡೀತಾವ ಗೊತ್ತೈತೇನ್ರಿ ನಿಮಗ? ಕಚೇರಿದೊಂದು, ಸಾಲಿಗೋಳ್ದು, ಗುಡಿಗೋಳ್ದು, ಮತ್ತ ಹೊಸಾ ಕಾಲೇಜಿಂದು. ಅಷ್ಟಕ್ಕೂ ಕೂಡಾಕ ಹೋದ್ರ ಕೂಸು ಒಣಗಿ ಹೋಗ್ತೈತಿ.” ಹಳೆಯ ಬಿಳಿ ಕಲೆಯ ಮೇಲೆ ಬಟ್ಟೆ ಎಳೆದು, “ನೆಲಕ್ಕ ಕಲಿ ಬಿದ್ರ ಬೀಳ್ವಲ್ದ್ಯಾಕ. ಒರಸ್ತೀನಿ” ಎಂದರು.

ನಾನು ಕೋಣೆಗೆ ಹೋಗಿ ಟ್ರಂಕು ತುಂಬತೊಡಗಿದೆ.

ಹೊರಟ ದಿನ ಬಸ್‌ಸ್ಟ್ಯಾಂಡಿಗೆ ಗಂಗವ್ವನವರೂ ಬಂದರು. ಟಪಾಲು ನನ್ನ ತೋಳಲ್ಲಿತ್ತು. ಅದನ್ನು ಬಿಟ್ಟು ಹೋಗುವ ಮಾತು ನನ್ನ ಬಾಯಿಗೆ ಬರಲಿಲ್ಲ. “ಸ್ವಲ್ಪ ಹಿಡಿದುಕೊಳ್ಳಿ ಗಂಗವ್ವ, ಟ್ರಂಕು ಏರಿಸಿ ಬರುತ್ತೇನೆ” ಎಂದೆ. ಅವರು ಹಿಡಿದುಕೊಂಡರು. ಟ್ರಂಕು ಏರಿಸಿದೆ, ಒಳಗೆ ಹೋಗಿ ಕೂತೆ, ಕೆಳಗಿಳಿಯಲಿಲ್ಲ. ಅರಬೈಲಿನ ಬಸ್ಸಿನ ಆ ಕಂಡಕ್ಟರನನ್ನು ಅಲ್ಲಿಯವರೆಗೆ ಮೋಸಗಾರ ಎಂದುಕೊಂಡಿದ್ದೆ. ಆ ಹೊತ್ತಿಗೆ ಅವನ ಮೇಲೆ ನನಗಿದ್ದ ಸಿಟ್ಟೆಲ್ಲ ಹೋಯಿತು.

ಬಸ್ಸು ಹೊರಡುವುದಕ್ಕೂ ಕಚೇರಿಯ ಗಂಟೆ ಹತ್ತು ಹೊಡೆಯುವುದಕ್ಕೂ ಸರಿಹೋಯಿತು. ಕಿಟಕಿಯಿಂದ ನೋಡಿದೆ. ಗಂಗವ್ವ ಟಪಾಲನ್ನು ಕೆಳಗೆ ಬಿಡಲಿಲ್ಲ. ಎದೆಗೊತ್ತಿಕೊಂಡೇ ನಿಂತಿದ್ದರು, ಹತ್ತೂ ಪೆಟ್ಟಿಗೆ. ನಾನು ಬಸ್ಸಿನೊಳಗೆ ಎರಡೂ ಕಾಲನ್ನು ಸೀಟಿನ ಮೇಲೆತ್ತಿಕೊಂಡೆ. ಆಮೇಲೆ ಬಗ್ಗಿ ನೋಡಿದೆ, ಕೆಳಗೆ ನನ್ನ ಚಪ್ಪಲಿ ಮಾತ್ರ ಇದ್ದವು.